ನಂಜಪ್ಪನವರ ಎಡಜೇಬಿನ ಮದ್ದು

ನಂಜಪ್ಪನವರು ನಡೆದು ಬಂದರೆ ಮೊದಲು ಕೇಳಿಸುವುದು ಅವರ ಕೋಟಿನ ಎಡಜೇಬು. ಅದರೊಳಗಿನ ಮಾತ್ರೆಯ ಪಟ್ಟಿಗಳು ಹೆಜ್ಜೆಹೆಜ್ಜೆಗೂ ಚರಚರ ಎನ್ನುತ್ತವೆ. ಸೋಮವಾರಪೇಟೆಯ ಸಂತೆಯಲ್ಲಿ ಆ ಸದ್ದು ಕೇಳಿದವರು ಬರುವ ಕೆಮ್ಮನ್ನೂ ನುಂಗಿಕೊಳ್ಳುತ್ತಿದ್ದರು.

ಕೆಲವು ವರ್ಷಗಳ ಹಿಂದೆ ಅವರ ಸೊಂಟಕ್ಕೆ ಸರ್ಪಸುತ್ತು ಎದ್ದು, ಅಂಗಿ ತಾಗಿದರೂ ಕೆಂಡ ತಾಗಿದಂತಾಗಿ, ಕೊನೆಗೆ ಡಾಕ್ಟರು ಕೊಟ್ಟ ವೈರಸ್ ಮಾತ್ರೆಯಿಂದ ವಾಸಿಯಾಯಿತು. ಅಂದಿನಿಂದ ನೆಗಡಿಗೂ ಮಂಗನಬಾವಿಗೂ ಡೆಂಗ್ಯೂವಿಗೂ ಅವರು ಹಂಚುತ್ತಿದ್ದುದು ಅದೊಂದೇ ಮಾತ್ರೆ. "ವೈರಸ್ ಅಂದ್ಮೇಲೆ ವೈರಸ್ಸೇ ಅಲ್ವಾ ಮೇಷ್ಟ್ರೇ? ಅದ್ರಲ್ಲೇನು ಮೇಲು ಕೀಳು?" ಎನ್ನುತ್ತಿದ್ದರು. ಅವರು ಕೊಟ್ಟದ್ದನ್ನು ನಾನು ವಿನಯದಿಂದ ಪಡೆದು ಕನ್ನಡಕದ ಡಬ್ಬಿಯಲ್ಲಿ ಹಾಕಿಡುತ್ತಿದ್ದೆ.

ಈ ತರ್ಕ ಮನುಷ್ಯರಲ್ಲಿಯೇ ನಿಂತಿದ್ದರೆ ಚೆನ್ನಾಗಿತ್ತು. ಕಳೆದ ವರ್ಷ ಅವರ ಹೆಂಡತಿ ಕಾಂತಮ್ಮನವರು ತವರಿನಿಂದ ಗೆಡ್ಡೆ ತಂದು ತೊರೆಯ ಬದಿಯಲ್ಲಿ ಬೆಳೆಸಿದ್ದ ಏಲಕ್ಕಿಯ ಎಲೆಗಳಲ್ಲಿ ತಿಳಿಹಸಿರು ಗೆರೆಗಳು ಮೂಡಿದವು. ನೋಡಲು ಬಂದ ಅಧಿಕಾರಿ, "ಕಟ್ಟೆ ರೋಗ. ವೈರಸ್ಸು. ಮದ್ದಿಲ್ಲ, ಹಿಡಿದ ಬುಡಗಳನ್ನ ಕಿತ್ತು ಸುಡಿ, ಇಲ್ದಿದ್ರೆ ಗಿಡದ ಹೇನು ಎಲ್ಲಾ ಕಡೆ ಹಬ್ಬಿಸುತ್ತೆ" ಎಂದ. ನಂಜಪ್ಪನವರ ಕಿವಿಗೆ ಬಿದ್ದದ್ದು ವೈರಸ್ಸೆಂಬ ಮಾತೊಂದೇ.

ಮಾತ್ರೆಗಳನ್ನು ಒರಳಿನಲ್ಲಿ ಅರೆದು, ಕೋಟಿನ ಮೇಲೆಯೇ ಸ್ಪ್ರೇಯರ್ ಹೊತ್ತು, ದಿನವೂ ಸಿಂಪಡಿಸಿದರು. ಗೆರೆಗಳು ಪಕ್ಕದ ಬುಡಗಳಿಗೆ ದಾಟಿದವು. ನಾನು ಹೋದ ಸಂಜೆ ಕಾಂತಮ್ಮನವರು ಗುದ್ದಲಿ ಹಿಡಿದು ನಿಂತಿದ್ದರು.

"ಇನ್ನೆರಡು ದಿನ ನೋಡಾಣ ಕಣೇ. ನನ್ ಸೊಂಟ ವಾಸಿಯಾಗೋಕೂ ಟೈಮ್ ಹಿಡೀತು."

"ನಿಮ್ಮ ಸೊಂಟ ಬೇರೆ, ನನ್ನ ಏಲಕ್ಕಿ ಬೇರೆ. ನಿಮ್ಮನ್ನ ಕಿತ್ತು ಸುಡೋ ಹಾಗಿರಲಿಲ್ಲ, ಅದಕ್ಕೇ ಮಾತ್ರೆ ಕೊಟ್ರು."

ನಂಜಪ್ಪನವರು ನನ್ನ ಮುಖ ನೋಡಿದರು. ನಾನು ತೊರೆಯನ್ನು ನೋಡಿದೆ. ಆಮೇಲೆ ಅವರು ಕೋಟು ಬಿಚ್ಚಿ ನನ್ನ ಕೈಗಿತ್ತು, ಗುದ್ದಲಿ ಇಸಿದುಕೊಂಡು, ರೋಗದ ಬುಡಗಳನ್ನೆಲ್ಲ ತಾವೇ ಕಿತ್ತರು. ಅರ್ಧ ತೋಟ ಹೋಯಿತು. ಉಳಿದರ್ಧ ಈ ಮಳೆಗಾಲದಲ್ಲಿ ಹೂ ಬಿಟ್ಟಿದೆ.

ಮೊನ್ನೆ ನನ್ನ ಬೆನ್ನಿನ ಒಂದು ಪಕ್ಕದಲ್ಲಿ ಉರಿಗುಳ್ಳೆಗಳೆದ್ದಾಗ ಅವರ ಕೈ ಜೇಬಿಗೆ ಹೋಯಿತು. ಹಾಗೆಯೇ ಬರಿದಾಗಿ ಹೊರಬಂದಿತು. "ಮೊದ್ಲು ಡಾಕ್ಟ್ರಿಗೆ ತೋರಿಸಾಣ ನಡೀರಿ" ಎಂದರು. ಡಾಕ್ಟರು ಸರ್ಪಸುತ್ತು ಎಂದು ಹೇಳಿ ಬರೆದುಕೊಟ್ಟದ್ದು ಅದೇ ಮಾತ್ರೆ. ನಂಜಪ್ಪನವರು ಬಸ್ ಸ್ಟ್ಯಾಂಡಿನವರೆಗೆ ಎಡಜೇಬನ್ನು ಮೆಲ್ಲನೆ ತಟ್ಟುತ್ತ ಬಂದರು.

ಇಂಥವರನ್ನು ಅಜ್ಞಾನಿಗಳೆಂದು ತಳ್ಳಿಹಾಕಲು ನನಗೆ ಮನಸ್ಸಾಗದು. ತಮ್ಮ ಉರಿಯನ್ನು ಒಮ್ಮೆ ಆರಿಸಿದ ನೀರನ್ನು ಇವರು ಕಂಡಕಂಡವರ ಮೇಲೆಲ್ಲ ಎರಚುತ್ತ ಹೋಗುತ್ತಾರೆ. ಹಲವರು ಸುಮ್ಮನೆ ಒದ್ದೆಯಾಗುತ್ತಾರೆ, ಎಲ್ಲೋ ಒಬ್ಬನ ಮೈಗೆ ನಿಜಕ್ಕೂ ಬೆಂಕಿ ಹತ್ತಿರುತ್ತದೆ.