ಮರೆವ್ವನ ರೊಟ್ಟಿ ಸದ್ದಿನ ಮೇಲೊಂದು ದೂರು

1.

ಇದನ್ನು ಎಲ್ಲಿಂದ ಶುರುಮಾಡುವುದು? ಸದ್ದಿನಿಂದ ಶುರುಮಾಡಿದರೆ ಮರೆವ್ವ ತಪ್ಪಿತಸ್ಥೆಯ ಹಾಗೆ ಕಾಣುತ್ತಾಳೆ. ದೂರಿನಿಂದ ಶುರುಮಾಡಿದರೆ ನಾನು ಕಾಣುತ್ತೇನೆ. ನಾನು ಕಾಣದಿರಲೆಂದೇ ಈಗಾಗಲೇ ಮೂರು ಡ್ರಾಫ್ಟ್ ಹರಿದು ಹಾಕಿದ್ದೇನೆ. (ಹರಿದದ್ದೇನಿಲ್ಲ, ಡಿಲೀಟ್ ಒತ್ತಿದ್ದು. ಹರಿಯುವುದರಲ್ಲಿರುವ ಗಾಂಭೀರ್ಯ ಡಿಲೀಟಿನಲ್ಲಿ ಸಿಗುವುದಿಲ್ಲ.)

ಸರಿ, ಜಾಗದಿಂದ ಶುರುಮಾಡೋಣ. ಜಾಗಕ್ಕೆ ಯಾರೂ ಬೇಜಾರಾಗುವುದಿಲ್ಲ. ಬಾಗಲಗುಂಟೆಯಲ್ಲಿ ಲಕ್ಷ್ಮಯ್ಯನವರ ಕಟ್ಟಡ. ಕೆಳಗೆ ಸಾಲಾಗಿ ಐದು ಬಾಡಿಗೆ ರೂಮು, ಮೇಲೆ ಒಂದೇ ಮನೆ. ಅದರಲ್ಲಿ ನಾನು. ಪೀಣ್ಯದಲ್ಲಿ ತಯಾರಾಗುವ ಯಂತ್ರಗಳಿಗೆ ಕೈಪಿಡಿ ಬರೆಯುವುದು ನನ್ನ ಕೆಲಸ. ‘ಯಂತ್ರ ವಿಪರೀತ ಸದ್ದು ಮಾಡಿದರೆ ಕೂಡಲೇ ನಿಲ್ಲಿಸಿ’ ಎಂಬಂಥ ವಾಕ್ಯಗಳಿಗೆ ನನಗೆ ಸಂಬಳ ಬರುತ್ತದೆ.

ನನ್ನ ಹಾಸಿಗೆಯ ನೇರ ಕೆಳಗೆ ಯಾದಗಿರಿ ಕಡೆಯ ಮರೆವ್ವನ ಒಲೆ. ಬೆಳಗಿನ ನಾಲ್ಕೂವರೆಗೆ ಅವಳು ಜೋಳದ ರೊಟ್ಟಿ ಬಡಿಯಲು ಕೂರುತ್ತಿದ್ದಳು. ಫಸ್ಟ್ ಶಿಫ್ಟಿಗೆ ಹೋಗುವ ಇಡೀ ಸಾಲಿನ ಗಂಡಸರಿಗೆ ಬುತ್ತಿ ಅವಳದೇ.

ಮೂರು ವಾರದ ಹಿಂದೆ, ಗೇಟಿನ ಬಳಿ ಸಿಕ್ಕ ಲಕ್ಷ್ಮಯ್ಯನವರಿಗೆ ನಾನು ಒಂದೇ ಒಂದು ವಾಕ್ಯ ಹೇಳಿದೆ. “ಬೆಳಗ್ಗೆ ಬೆಳಗ್ಗೆ ರೊಟ್ಟಿ ಸದ್ದು ಸ್ವಲ್ಪ ಜಾಸ್ತಿ.” ಸೆಕೆಯ ಬಗ್ಗೆ ಮಾತಾಡುತ್ತೇವಲ್ಲ, ಹಾಗೆ.

“ಅಂಗಾ ಸಾರ್? ನಾ ಯೋಳ್ತೀನಿ ಬುಡಿ” ಎಂದರು.

ಹೇಳಿಯೂಬಿಟ್ಟರು. ಏಳು ಗಂಟೆಗೆ ಮುಂಚೆ ಬಡಿಯಕೂಡದು. ದೂರು ಕೊಟ್ಟವರು ಯಾರೆಂದು ಮರೆವ್ವ ಕೇಳಿದ್ದಕ್ಕೆ, ನನ್ನ ಮರ್ಯಾದೆ ಕಾಯಲೆಂದು, “ಯಾರೋ ಒಬ್ರು ಕಣಮ್ಮಾ. ಪಾಪ, ನಿದ್ದೆ ಕೆಡ್ತಾ ಅದಂತೆ” ಎಂದರು.

(ಓನರನ್ನು ‘ಅವರು’ ಎಂದೂ ಮರೆವ್ವನನ್ನು ‘ಅವಳು’ ಎಂದೂ ಬರೆಯುತ್ತಿರುವುದನ್ನು ನೀವು ಗಮನಿಸಿರುತ್ತೀರಿ. ನಾನೂ ಗಮನಿಸಿದೆ.)

2.

ಮಾರನೆಯ ದಿನ ಸಾಲಿನಲ್ಲಿ ಯಾರೂ ಏಳಲಿಲ್ಲ. ಫೋನಿನಲ್ಲಿ ಅಲಾರಂ ಇಡುವ ಅಭ್ಯಾಸವೇ ಅಲ್ಲಿ ಯಾರಿಗೂ ಇರಲಿಲ್ಲ. ರೊಟ್ಟಿ ಸದ್ದಿಗೆ ಎದ್ದು, ಅದು ನಿಲ್ಲುವಷ್ಟರಲ್ಲಿ ಸ್ನಾನ ಮುಗಿಸುವವರು ಅವರು. ಕೊನೆಯ ರೂಮಿನ ಹಣಮಂತ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಓಡಿದ. “ಯಕ್ಕಾ, ಅಲಾರಂ ಬಂದ್ ಮಾಡೂದಿದ್ರ ಮೊದಲ ಹೇಳಬಾರದೇನ!”

ಅದು ತಮಾಷೆಯ ಭಾಗ. ಅಲ್ಲಿಗೇ ನಿಲ್ಲಿಸಿದ್ದರೆ ಒಳ್ಳೆಯ ಹಾಸ್ಯ ಲೇಖನವಾಗುತ್ತಿತ್ತು.

ಆದರೆ ಆ ‘ಯಾರೋ ಒಬ್ರು’ ಯಾರೆಂದು ಮರೆವ್ವ ತಾನೇ ತೀರ್ಮಾನಿಸಿಕೊಂಡಿದ್ದಳು. ಪಕ್ಕದ ರೂಮಿನ ಸುಮಂಗಲಾ. ಗಾರ್ಮೆಂಟ್ಸಿನಲ್ಲಿ ಸೆಕೆಂಡ್ ಶಿಫ್ಟು. ಬೆಳಗಿನ ನಿದ್ದೆ ಬೇಕಾದವಳು ಸಾಲಿನಲ್ಲಿ ಅವಳೊಬ್ಬಳೇ. ಮೇಲಿನ ಮನೆಯ ಸಾರ್ ಮೇಲೆ ಅನುಮಾನವೇ ಬರಲಿಲ್ಲ. ಸಾರ್ ಓದಿದವರು.

ಐದು ವರ್ಷದ ಸ್ನೇಹ ಅದು. ಮಧ್ಯಾಹ್ನ ನಲ್ಲಿ ನೀರು ಬಂದಾಗ, ಕೆಲಸಕ್ಕೆ ಹೋದ ಸುಮಂಗಲಾಳ ಕೊಡಗಳನ್ನೂ ಮರೆವ್ವನೇ ತುಂಬಿಸುತ್ತಿದ್ದಳು. ಆ ಕೊಡಗಳು ಈಗ ಬಾಗಿಲ ಹೊರಗೆ ಖಾಲಿ ಕೂತಿರುತ್ತವೆ. ನನ್ನ ಬಾಲ್ಕನಿಗೆ ಕೇಳಿಸಿದ್ದು ಇಷ್ಟು:

“ಯಕ್ಕಾ, ನಾ ಏನ್ ಮಾಡೀನಿ? ಬಾಯಿಬಿಟ್ಟು ಹೇಳು.”

“ಏನಿಲ್ಲ ಬಿಡವಾ. ನೀ ಮಲಕೋ ಹೋಗು. ನಿನಗ ನಿದ್ದಿ ದೊಡ್ಡದು.”

ಬಾಲ್ಕನಿಯಿಂದ ಕೆಳಗೆ ಹದಿನೇಳು ಮೆಟ್ಟಿಲು. ಅದನ್ನು ಇಳಿಯುವ ಬದಲು ನಾನು ಒಳಗೆ ಬಂದು ಕತೆ ಬರೆಯಲು ಕೂತೆ.

3.

ಡ್ರಾಫ್ಟ್ ಒಂದರಲ್ಲಿ ಮೇಲಿನ ಮನೆಯನ್ನೇ ಕೆಡವಿದೆ. ದೂರನ್ನು ಎದುರಿನ ಅಪಾರ್ಟ್‌ಮೆಂಟಿನ ಒಬ್ಬ ಟೆಕ್ಕಿಯಿಂದ ಕೊಡಿಸಿದೆ. ಟೆಕ್ಕಿಗಳು ಇಂಥದಕ್ಕೆಲ್ಲ ಒಗ್ಗಿದವರು. ಡ್ರಾಫ್ಟಿನೊಳಗಿನ ಮರೆವ್ವ ತಲೆಯೆತ್ತಿ, “ಅಲ್ರಿ, ನಡುವ ಅಷ್ಟ್ ದೊಡ್ಡ ರೋಡ್ ಐತಿ. ಬಸ್ಸಿನ ಸಪ್ಪಳ ದಾಟಿ ನನ್ನ ರೊಟ್ಟಿ ಹೆಂಗ್ ಕೇಳತೈತ್ರಿ?” ಎಂದಳು. ಪಾತ್ರಗಳಿಗೆ ಇಷ್ಟು ಭೂಗೋಳ ಗೊತ್ತಿರಬಾರದು.

ಡ್ರಾಫ್ಟ್ ಎರಡರಲ್ಲಿ ದೂರೇ ಇಲ್ಲ, ಓನರಿನ ದರ್ಪ ಮಾತ್ರ. ಲಕ್ಷ್ಮಯ್ಯನವರು ಪ್ಯಾರಾದ ಮಧ್ಯಕ್ಕೇ ನುಗ್ಗಿದರು. “ನನ್ನೇ ಯಾಕ್ ಸಾರ್ ಕೆಟ್ಟೋನ್ ಮಾಡ್ತೀರಾ? ರಾಗಿ ಹೊಲ್ದಾಗೆ ರೂಮ್ ಕಟ್ಸಿದ್ದೇ ತೆಪ್ಪಾ? ಓನರ್ ಅಂದ್ರೆ ಕತೆ ಬರ್ಯೋರ್ಗೆಲ್ಲ ಸದರ ಆಗ್ಬುಟ್ಟೈತೆ!”

ಮೂರನೆಯದರಲ್ಲಿ ಸುಮಂಗಲಾ ಕಾಣಿಸಿಕೊಂಡಳು. ಜಗಳ ಆಡಲಿಲ್ಲ. “ಸರ್, ನಾ ಏನ್ ಮಾಡೀನಿ ಅಂತ ನಿಮಗ ಗೊತ್ತೈತಲ್ರಿ? ಹೇಳ್ರಿ” ಎಂದಳು. ಲ್ಯಾಪ್‌ಟಾಪ್ ಮುಚ್ಚಿದೆ.

4.

ನಿಮ್ಮ ಆಯ್ಕೆಗೆ ಎರಡು ಮುಕ್ತಾಯ.

ಮೊದಲನೆಯದು: ನಾನು ಇಳಿದು ಹೋಗಿ ಒಪ್ಪಿಕೊಳ್ಳುತ್ತೇನೆ, ಮರೆವ್ವ ನಗುತ್ತಾಳೆ, ಬಿಸಿ ರೊಟ್ಟಿಗೆ ಶೇಂಗಾ ಹಿಂಡಿ ಹಾಕಿ ಕೊಡುತ್ತಾಳೆ. (ದೂರು ಕೊಟ್ಟವನಿಗೆ ಊಟ ಸಿಕ್ಕಿತು. ಸುಮಂಗಲಾಗೆ?)

ಎರಡನೆಯದು: ಸುಮಂಗಲಾ ರೂಮು ಖಾಲಿ ಮಾಡಿ ಚಿಕ್ಕಬಾಣಾವರಕ್ಕೆ ಹೊರಟುಹೋಗುತ್ತಾಳೆ, ಯಾಕೆ ಹೀಗಾಯಿತೆಂದು ಇಬ್ಬರಿಗೂ ಕೊನೆಯವರೆಗೆ ತಿಳಿಯುವುದಿಲ್ಲ. ವಿಶೇಷಾಂಕಗಳಿಗೆ ಇದು ಹಿಡಿಸುತ್ತದೆ. ಕಷ್ಟವೆಂದರೆ ಇದನ್ನು ನಾನು ಕಟ್ಟಿದ್ದಲ್ಲ. ನಿನ್ನೆ ಅವಳು ಲಕ್ಷ್ಮಯ್ಯನವರಿಗೆ, “ತಿಂಗಳ ಆಖೇರಿಗೆ ಬಿಡತೀನ್ರಿ. ಬಾಜೂಕ ಇದ್ದೋರು ಮಾತಾಡಸದಿದ್ರ ಹೆಂಗ್ ಇರೂದ್ರಿ?” ಎಂದದ್ದು ನನಗೆ ಕೇಳಿಸಿತು. ತಿಂಗಳು ಮುಗಿಯಲು ಇನ್ನು ನಾಲ್ಕು ದಿನ ಇದೆ.

5.

ಇವತ್ತು ಭಾನುವಾರ. ಇಳಿದೆ.

ಮರೆವ್ವ ಬಾಗಿಲಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. “ಬರ್ರಿ ಸರ್. ನೀರಿನ ಮೋಟರ್ ಹಾಕಬೇಕೇನ್ರಿ?”

“ಇಲ್ಲ. ಲಕ್ಷ್ಮಯ್ಯನವರ ಹತ್ತಿರ ಹೇಳಿದ್ದು ನಾನು.”

“ಏನ್ ಹೇಳಿದ್ರಿ?”

“ರೊಟ್ಟಿ ಸದ್ದಿನ ವಿಷಯ.”

ಬೈಗುಳಕ್ಕೆ ತಯಾರಾಗಿದ್ದೆ. ಅವಳ ಕೈ ಮೊರದ ಮೇಲೆ ಹಾಗೇ ನಿಂತಿತು.

“ಸುಮ್ಮಿ ಅಲ್ಲೇನ್ರಿ?”

“ಅಲ್ಲ. ನಾನೇ. ತಪ್ಪಾಯ್ತು.”

“ಹದಿನೆಂಟ್ ದಿನ ಆತ್ರಿ ಆಕಿನ್ನ ಮಾತಾಡಸಿ.” ಕೈಲಿದ್ದ ಜೋಳವನ್ನು ಮೊರಕ್ಕೆ ಬಿಟ್ಟು, “ನನ್ನ ಮುಂದ ಯಾಕ್ ಹೇಳತೀರಿ? ಆಕಿ ಮುಂದ ಹೇಳ್ರಿ” ಎಂದಳು.

“ನೀವೂ ಬನ್ನಿ.”

“ನಾ ಯಾವ ಮಾರಿ ತೊಗೊಂಡ್ ಬರ್ಲಿ?”

ಎಂದಳು, ಆದರೆ ಮೊರ ಕೆಳಗಿಟ್ಟು ಎದ್ದಿದ್ದಳು. ಆ ರೂಮುಗಳ ಮುಂದಿನ ಓಣಿ ಎಷ್ಟು ಕಿರಿದೆಂದರೆ ಇಬ್ಬರು ಜೊತೆಯಾಗಿ ನಿಲ್ಲಲಾಗದು. ನಾನು ಮುಂದೆ, ಅವಳು ನನ್ನ ಬೆನ್ನ ಹಿಂದೆ. ಬಾಗಿಲು ತಟ್ಟಿದೆ. ಒಳಗೆ ಅಗುಳಿ ಸರಿಯಿತು. ತಲೆಗೆ ಟವೆಲ್ ಸುತ್ತಿಕೊಂಡ ಸುಮಂಗಲಾ.

ಮೆಟ್ಟಿಲಿಳಿಯುತ್ತಾ ಎರಡು ಸಲ ತಿದ್ದಿಕೊಂಡ ವಾಕ್ಯವನ್ನು ಪೂರ್ತಿ ಹೇಳಿದೆ. ದೂರು ಕೊಟ್ಟದ್ದು ನಾನು, ಮರೆವ್ವ ನೀವೆಂದು ತಿಳಿದಿದ್ದಳು, ತಪ್ಪೆಲ್ಲ ನನ್ನದು. ಒಳ್ಳೆಯ ವಾಕ್ಯ. ಅವಳು ಕೇಳಿಸಿಕೊಂಡಳು. ಆದರೆ ಅವಳ ಕಣ್ಣು ಅಷ್ಟೂ ಹೊತ್ತು ನನ್ನ ಹೆಗಲ ಮೇಲಿಂದ ಹಿಂದಕ್ಕೆ ನೋಡುತ್ತಿತ್ತು.

“ಸರ್,” ಎಂದಳು, “ಜರಾ ಬಾಜೂಕ ಸರೀರಿ.”

ಗೋಡೆಗೆ ಒತ್ತಿಕೊಂಡು ಸರಿದೆ. ಆಮೇಲೆ ಏನಾಯಿತೆಂದು ಕೇಳಬೇಡಿ. ಅಲ್ಲಿ ಇಬ್ಬರಿಗೆ ಮಾತ್ರ ಜಾಗವಿದೆ. ನೀವೂ ಬನ್ನಿ, ಮೇಲೆ ಹೋಗೋಣ.