ಒಂದು ಸೇರು ದೇವರಕಾಡು

ಚೀಲದ ಬಾಯಿ ಹೊಲಿದ ಬಿಳಿ ದಾರದ ತುದಿ ಕತ್ತಿಗೆ ತಾಗಿ ತಾಗಿ ಕಚಗುಳಿ ಇಡುತ್ತಿದೆ, ಕಿತ್ತು ಎಸೆದುಬಿಡಬಹುದಿತ್ತು, ಆದರೆ ಇಲ್ಲಿ ಏನನ್ನೂ ಎಸೆಯುವ ಹಾಗಿಲ್ಲ, ಇಲ್ಲಿಂದ ಏನನ್ನೂ ಒಯ್ಯುವ ಹಾಗೂ ಇಲ್ಲ, ದೇವರಕಾಡು — ಚಪ್ಪಲಿ ಬಿಟ್ಟು ಬಂದ ದಿವ್ಯಶ್ರೀಯ ಪಾದಕ್ಕೆ ಅದು ತಾನಾಗಿ ತಿಳಿಯುತ್ತದೆ, ಹುದಿಕೇರಿಯ ಕಾಫಿ ಎಸ್ಟೇಟಿನ ನೆಲ ಗಟ್ಟಿ, ಬೇಲಿ ದಾಟಿದ ಎರಡನೇ ಹೆಜ್ಜೆಗೇ ನೆಲ ಒಳಗಿಳಿಯುತ್ತದೆ, ಹತ್ತಿ ಹಾಸಿಗೆ ತುಳಿದ ಹಾಗೆ, ಎಷ್ಟು ವರ್ಷದ ಎಲೆ ಇದು, ಎಷ್ಟು ಇಂಗಾಲ, ಅಷ್ಟನ್ನೂ ಗಾಳಿಗೆ ಬಿಡದೆ ಇಲ್ಲೇ ಹಿಡಿದಿಟ್ಟವರು ಯಾರು — ಮೂರು ವರ್ಷದಿಂದ ಇದೊಂದೇ ಪ್ರಶ್ನೆ, ಊಟಕ್ಕೆ ಕೂತರೂ ಅದೇ, ಬಸ್ಸಿನಲ್ಲಿ ನಿಂತರೂ ಅದೇ, ಕುಶಾಲನಗರದ ಆಚೆ ಶುಂಠಿ ಹೊಲದ ಬದುವಿನಲ್ಲಿ ನಿಂತು ಅವ್ವ ನಗುತ್ತಾಳೆ, ಮಣ್ಣು ಬಿಟ್ಟು ಓದ್ಕೊಳ್ಲಿ ಅಂತ ಕಳಿಸಿದ್ರೆ ಮಣ್ಣನ್ನೇ ಓದೋಕ್ ಹೋದ್ಯಲ್ಲೇ, ಏನ್ ಬರ್ದೈತೆ ಅದ್ರಲ್ಲಿ. ಏನು ಬರೆದಿದೆ ಅಂತ ಗೊತ್ತಿದ್ದರೆ ಇಷ್ಟು ಹೊತ್ತಿಗೆ ಸುಮ್ಮನಿರುತ್ತಿದ್ದೆನಲ್ಲ ಅವ್ವ, ಗೊತ್ತಿಲ್ಲ ಅಂತಲೇ ತಾನೇ ಈ ಓಡಾಟ, ಚೀಲ ಇವತ್ತು ಹಗುರ, ಹೋದ ವರ್ಷದ ಭಾರವಿಲ್ಲ, ಆ ಹಗುರವೇ ಹೆಗಲನ್ನು ಒತ್ತುತ್ತಿದೆ, ಕಾಳಮ್ಮ ಬಂದಿರುತ್ತಾಳೋ ಇಲ್ಲವೋ, ಬರದೇ ಇರಲಿ, ಛೆ, ಬರಲಿ.

ಬಂದಿದ್ದಾಳೆ. ದೇವರ ಕಲ್ಲಿನ ಪಕ್ಕ ಕೂತು ದೀಪದ ಎಣ್ಣೆ ಒರೆಸುತ್ತಿದ್ದಾಳೆ, ಪಕ್ಕದಲ್ಲಿ ಅದೇ ಅಲ್ಯೂಮಿನಿಯಂ ಸೇರು, ಮನೆಯಲ್ಲಿ ಅಕ್ಕಿ ಅಳೆಯುವುದು, ಒಂದು ಕಡೆ ನಜ್ಜುಗುಜ್ಜಾಗಿದೆ. ಮೊದಲ ವರ್ಷ ದೇವಸ್ಥಾನ ಸಮಿತಿಯ ಜಯಪ್ರಕಾಶ್, ಪರೀಕ್ಷೆಗೆ ಮಣ್ಣು ಕೇಳಿದ ಕಾಗದ ಓದಿ, ನಮ್ದೇನ್ ಅಭ್ಯಂತರ ಇಲ್ಲ ಮೇಡಂ, ಆದ್ರೆ ದೀಪ ಹಚ್ಚೋಳು ಕಾಳಮ್ಮ, ಅವಳನ್ನೊಂದು ಮಾತು ಕೇಳ್ಬಿಡಿ ಅಂದಿದ್ದರು, ಕೇಳಿದಾಗ ಈ ಹೆಂಗಸು ಕಣ್ಣು ಕಿರಿದು ಮಾಡಿ, ಎಷ್ಟು ಬೇಕು, ಒಂದ್ ಸೇರಾ, ಹಂಗಾರೆ ಒಂದ್ ಸೇರು ತಗೊಳ್ಳಿ, ಬರೋ ವರ್ಷ ಅದೇ ಮಣ್ಣು ಒಂದ್ ಸೇರು ತಂದ್ ಹಾಕಿ, ಹಾಕಿದ್ ಮೇಲೇ ಮತ್ತೊಂದ್ ಸೇರು, ಇಲ್ಲಿಂದ ಕಡ್ಡಿ ಚೂರೂ ಹೊರಗೆ ಹೋಗಂಗಿಲ್ಲ ಮೇಡಮ್ಮ, ಸಾಲಕ್ಕೆ ಬೇಕಾರೆ ಹೋಗ್ಲಿ — ಅಂದವಳು, ದಿವ್ಯಶ್ರೀ ಹೊರಡುವಾಗ ಅವಳ ಜಡೆಗೆ ಸಿಕ್ಕಿಕೊಂಡಿದ್ದ ಒಂದು ಎಲೆಯನ್ನೂ ಬಿಡಿಸಿ ಒಳಗೇ ಹಾಕಿದ್ದಳು, ದಿವ್ಯಶ್ರೀಗೆ ಅವತ್ತು ನಗು ಬಂದಿತ್ತು, ಒಪ್ಪಿದ್ದಳು, ಮಣ್ಣು ತಾನೇ, ವಾಪಸು ಕೊಟ್ಟರಾಯಿತು.

ವಾಪಸು ಕೊಡುವುದಕ್ಕೆ ಉಳಿಯಬೇಕಲ್ಲ! ಒಂದು ಚಿಟಿಕೆ ಸಾವಿರ ಡಿಗ್ರಿಯಲ್ಲಿ ಉರಿದು ಇಂಗಾಲ ಎಷ್ಟು ಸಾರಜನಕ ಎಷ್ಟು ಅಂತ ಹೇಳಿ ಹೊಗೆಯಾಯಿತು, ಒಂದಷ್ಟು ಆಮ್ಲದಲ್ಲಿ ಕುದಿಯಿತು, ಉಳಿದದ್ದು ಒಲೆಯಂಥ ಡಬ್ಬಿಯಲ್ಲಿ ಒಂದು ದಿನ ಒಂದು ರಾತ್ರಿ ಬೆಂದು ಸತ್ತಿತು, ಸತ್ತದ್ದು ಅಂದರೆ ನಿಜವಾಗಿ ಸತ್ತದ್ದು, ಅದರೊಳಗಿನ ಶಿಲೀಂಧ್ರ ಒಂದೂ ಉಳಿಯದ ಹಾಗೆ — ಆ ಶಿಲೀಂಧ್ರಗಳಿಗೋಸ್ಕರವೇ ಇದೆಲ್ಲ, ಸೂಕ್ಷ್ಮದರ್ಶಕದ ಕೆಳಗೆ ಮೊದಲ ಸಲ ಕಂಡ ಬಿಳಿ ಎಳೆ, ಬೇರಿನಿಂದ ಹೊರಟು ಕಣದಿಂದ ಕಣಕ್ಕೆ, ಮರ ಅದಕ್ಕೆ ಸಕ್ಕರೆ ಕೊಡುತ್ತದೆ, ಅದು ಮರಕ್ಕೆ ಸಾರಜನಕ ಹುಡುಕಿ ತರುತ್ತದೆ, ತಂದು ಕೊಟ್ಟು ಸತ್ತ ಮೇಲೂ ತನ್ನ ಮೈಯ ಇಂಗಾಲವನ್ನು ಮಣ್ಣಿಗೇ ಅಂಟಿಸಿ ಹೋಗುತ್ತದೆ, ಎಂಥ ಸಂಸಾರಸ್ಥ, ಎಸ್ಟೇಟಿನಲ್ಲಿ ಯೂರಿಯಾ ಸುರಿದ ಮೇಲೆ ಗಿಡಕ್ಕೆ ಈ ನಂಟ ಬೇಡವಾಗುತ್ತಾನೆ, ಎಳೆ ಕಡಿಮೆ, ಇಂಗಾಲ ಕಡಿಮೆ, ಅಷ್ಟೇನಾ, ಅಷ್ಟೇ ಇರಲಾರದು. ಹೋದ ಜೂನಿನಲ್ಲಿ ವಾಪಸು ಕೊಡಲು ಅಳೆದರೆ ಮುಕ್ಕಾಲೇ ಸೇರು. ಲ್ಯಾಬಿನ ಲೋಹಿತ್ ಬಾಗಿಲಿಗೆ ಒರಗಿ, ಮಣ್ಣೆಲ್ಲ ಒಂದೇ ಅಲ್ವಾ ಮೇಡಂ, ಯಾರ್ ನೋಡ್ತಾರೆ ಅಂದ, ಮಣ್ಣೆಲ್ಲ ಒಂದೇ ಅಲ್ಲ ಅಂತ ತೋರಿಸುವುದಕ್ಕೇ ಸಂಬಳ ತೆಗೆದುಕೊಳ್ಳುವ ಹೆಂಗಸು ಅವನನ್ನು ಗದರಲಿಲ್ಲ, ಬಾಗಿಲ ಹತ್ತಿರವಿದ್ದ ಎಸ್ಟೇಟಿನ ಮೂಟೆಯಿಂದ ತಾನೇ, ತನ್ನ ಕೈಯಾರೆ, ಕಾಲು ಸೇರು ಕೆಂಪು ಮಣ್ಣು ಎತ್ತಿ ಚೀಲದ ಮಣ್ಣಿನ ಮೇಲೆ ಸುರಿದಳು. ನೋಟ್‌ಬುಕ್ಕಿನಲ್ಲೂ ಬರೆಯಲಿಲ್ಲ. ನಾಚಿಕೆಯಾಗಿತ್ತು, ಬರೆದರೆ ನಾಚಿಕೆ ಅಕ್ಷರವಾಗಿ ಉಳಿಯುತ್ತದಲ್ಲ.

ಇಲ್ಲೇ, ಈ ನಂದಿ ಮರದ ಬುಡದಲ್ಲಿ, ಹೋದ ವರ್ಷ ಚೀಲದಿಂದ ಸುರಿದಾಗ ಸೇರಿನ ಅಡಿಗೆ ಹೋದ ಕೆಂಪು, ಗುಂಡಿಯಲ್ಲಿ ಮಗುಚಿದಾಗ ಮೇಲೆ ಬಂತು, ಕೆಳಗೆ ಕಾಡಿನ ಕಪ್ಪು ಮೇಲೆ ಎಸ್ಟೇಟಿನ ಕೆಂಪು, ಕಾಳಮ್ಮ ಅತ್ತ ಬತ್ತಿ ಹೊಸೆಯುತ್ತಿದ್ದಳು, ದಿವ್ಯಶ್ರೀ ಗಡಬಡಿಸಿ ಎಲೆ ಎಳೆದು ಮುಚ್ಚಿದಳು, ಮುಚ್ಚಿದ್ದು ಮುಚ್ಚಿಯೇ ಇರುತ್ತಿತ್ತು, ಆದರೆ ಎರಡು ತಿಂಗಳು ಕಳೆದು ಚೆಟ್ಟಳ್ಳಿಯ ದಾರಿಯಲ್ಲಿ ಜೀಪಿನಲ್ಲಿ ಕೂತಿದ್ದಾಗ ತಟ್ಟನೆ ಹೊಳೆಯಿತು — ಸತ್ತ ಮಣ್ಣು, ಸುತ್ತ ಬದುಕಿರುವ ಕಾಡು, ಅದರ ಮೇಲೆ ಯೂರಿಯಾ ತಿಂದ ಮಣ್ಣು, ಇದಕ್ಕಿಂತ ಚೆಂದದ ಪ್ರಯೋಗ ನಾನು ಬೇಕೆಂದು ಕೂತರೂ ಹೂಡುತ್ತಿರಲಿಲ್ಲ, ಎಳೆ ಒಳಗೆ ಬಂದಿರುತ್ತದಾ, ಕಪ್ಪಿನ ತನಕ ಬಂದು ಕೆಂಪಿನ ಗಡಿಯಲ್ಲಿ ನಿಂತುಬಿಟ್ಟಿದೆಯಾ, ದಾಟಿದೆಯಾ, ಅಂದಿನಿಂದ ನಿದ್ದೆ ಹಾಳು. ನೋಡಬೇಕಾದರೆ ಅಗೆಯಬೇಕು, ಅಗೆದರೆ ಕೆಂಪು ಕಾಣುತ್ತದೆ, ಕಂಡದ್ದನ್ನು ಬರೆಯಬೇಕಾದರೆ ಅದು ಎಲ್ಲಿಂದ ಬಂತು ಅಂತ ಬರೆಯಬೇಕು, ಹೇಳಿದರೆ ಕಾಳಮ್ಮ ಬೇಡ ಅನ್ನುತ್ತಾಳೆ, ಬೇಡ ಅಂದರೆ ಮೂರನೇ ವರ್ಷದ ಮಣ್ಣಿಲ್ಲ, ಮೂರನೆಯದಿಲ್ಲದಿದ್ದರೆ ಮೊದಲೆರಡಕ್ಕೂ ಬೆಲೆಯಿಲ್ಲ, ಮೂರು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಏನ್ ಮೇಡಮ್ಮ ಹೆಗಲು ಸವರ್ಕೊಂಡೇ ನಿಂತ್ರಿ, ಅನ್ನುತ್ತಾಳೆ ಕಾಳಮ್ಮ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ದಿವ್ಯಶ್ರೀ ಕೈ ಕೆಳಗಿಳಿಸುತ್ತಾಳೆ, ದಾರ ಬಿಚ್ಚಿ ಜೇಬಿಗೆ ಹಾಕಿ ಚೀಲ ಮಗುಚುತ್ತಾಳೆ, ಮಣ್ಣು ಸೇರಿನ ಕಂಠಕ್ಕೆ ಮೂರು ಬೆರಳು ಕೆಳಗೇ ನಿಲ್ಲುತ್ತದೆ. ಹೋದ್ ವರ್ಷ ತುಂಬಿತ್ತಲ್ಲ, ಈ ವರ್ಷ ಯಾಕೆ ಕಮ್ಮಿ? ಈಗ ಹೇಳು, ಸೋರಿತು ಅನ್ನು, ಒಣಗಿ ಕುಗ್ಗಿತು ಅನ್ನು, ಎಷ್ಟು ಸುಳ್ಳು ಸಾಲುಗಟ್ಟಿ ನಿಂತಿವೆ ನಾಲಿಗೆಯ ಮೇಲೆ, ಆದರೆ ಎಲೆಯ ಕೆಳಗೆ ಆ ಎಳೆ ದಾಟಿದೆಯಾ ಇಲ್ಲವಾ — ಪರೀಕ್ಷೆ ಮಾಡಿದ್ದು ಕರಗಿಹೋಗುತ್ತೆ ಕಾಳಮ್ಮ, ಹೋದ ವರ್ಷವೂ ಇಷ್ಟೇ ಉಳಿದಿತ್ತು, ನಿಮಗೆ ಹೇಳೋಕೆ ಹೆದರಿ ಕಾಲು ಸೇರು ಎಸ್ಟೇಟಿನ ಮಣ್ಣು ಸೇರಿಸಿಬಿಟ್ಟೆ, ತಪ್ಪು ನನ್ನದೇ. ಕಾಳಮ್ಮ ಬೈಯುವುದಿಲ್ಲ, ಬೈದಿದ್ದರೆ ವಾಸಿಯಿತ್ತು, ಸೆರಗಿನಿಂದ ಸೇರಿನ ಕಂಠ ಒರೆಸುತ್ತಾಳೆ, ಒರೆಸುತ್ತಲೇ ಇದ್ದಾಳೆ, ಕಮ್ಮಿ ಅಂದಿದ್ರೆ ಕಮ್ಮಿನೇ ಹಾಕಿ ಅಂತಿದ್ದೆನಲ್ಲ ಮೇಡಮ್ಮ, ಯಾರ್ದೋ ಮನೆ ಅನ್ನ ತಂದು ದೇವ್ರ ಎಲೆಗೆ ಬಡಿಸ್ದಂಗಾಯ್ತು, ನಾನು ಒಂದ್ ವರ್ಷ ಅದ್ರ ಮುಂದೆ ದೀಪ ಹಚ್ಚಿದ್ದೀನಿ. ದಿವ್ಯಶ್ರೀ ಖಾಲಿ ಚೀಲ ಕೆಳಗಿಡುತ್ತಾಳೆ. ಈಗೇನು ಮಾಡಲಿ ಹೇಳಿ ಕಾಳಮ್ಮ. ತೆಗೀರಿ ಅದನ್ನ, ಎಲ್ಲಿಂದು ಅಲ್ಲಿಗೇ ಒಯ್ದು ಹಾಕಿ, ಆಮೇಲೆ ಈ ವರ್ಷದ ಮಾತು, ಆದ್ರೆ ನೋಡಿ, ಕಾಡಿಂದು ಒಂದ್ ಚೂರೂ ಅದ್ರ ಜೊತೆ ಹೋಗ್ಬಾರ್ದು.

ಮಂಡಿಯೂರಿದ್ದಾಳೆ, ಎಲೆ ಸರಿಸುತ್ತಿದ್ದಾಳೆ, ಒಣ ಎಲೆ, ಒದ್ದೆ ಎಲೆ, ಬಲೆಯಾದ ಎಲೆ, ಅಗೋ ಕೆಂಪು, ಇನ್ನೂ ಕೆಂಪಗೇ ಇದೆ, ತೆಗೆಯುವುದು ಸುಲಭ, ಬೇರೆಯಾಗಿ ಕಾಣುತ್ತಿದೆ, ಬದುಕಿಕೊಂಡೆ, ಕರಣೆಯ ತುದಿ ಅಂಚಿಗೆ ಇಳಿಸಿ ಮೆಲ್ಲಗೆ ಮೀಟಿದರೆ ಹೆಂಟೆ ಏಳುತ್ತದೆ, ಉದುರುವುದಿಲ್ಲ, ಉದುರಬೇಕಿತ್ತು, ಎಸ್ಟೇಟಿನ ಮಣ್ಣು ಹೀಗೆ ಒಟ್ಟಾಗಿ ಏಳುವುದಿಲ್ಲ, ಏನು ಹಿಡಿದಿದೆ ಇದನ್ನು, ಬಗ್ಗುತ್ತಾಳೆ, ಇನ್ನೂ ಬಗ್ಗುತ್ತಾಳೆ, ದಾಟಿದೆ! ಬಿಳಿ ಎಳೆ ದಾಟಿದೆ, ಕೆಳಗಿನ ಕಪ್ಪಿನಿಂದ ಮೇಲಿನ ಕೆಂಪಿಗೆ, ಒಂದಲ್ಲ ಎರಡಲ್ಲ, ಕೂಗಬೇಕು ಅನ್ನಿಸುತ್ತಿದೆ, ಲೋಹಿತ್‌ಗೆ ಹೇಳಬೇಕು, ಅವ್ವನಿಗೆ ಹೇಳಬೇಕು, ಬರೆದಿದೆ ಅವ್ವ, ಏನೋ ಬರೆದಿದೆ — ಒಂದ್ ಚೂರೂ ಹೋಗ್ಬಾರ್ದು. ಕೈ ಅರ್ಧಕ್ಕೇ ನಿಂತಿದೆ. ಕೆಂಪು ಎಸ್ಟೇಟಿನದು, ಎಳೆ ಕಾಡಿನದು, ಎತ್ತಿದರೆ ಕಾಡು ಹೊರಗೆ ಹೋಗುತ್ತದೆ, ಬಿಟ್ಟರೆ ಎಸ್ಟೇಟು ಒಳಗೆ ಉಳಿಯುತ್ತದೆ, ಎಲ್ಲಿ ಕತ್ತರಿಸಲಿ, ಕಾಳಮ್ಮನ ಉಸಿರು ಕಿವಿಯ ಹತ್ತಿರ, ಅವಳೂ ಬಗ್ಗಿ ನೋಡುತ್ತಿದ್ದಾಳೆ, ಏನದು ದಾರ, ಅನ್ನುತ್ತಾಳೆ, ಚೀಲದ್ದಾ? ಅಲ್ಲ ಕಾಳಮ್ಮ, ಚೀಲದ್ದು ಜೇಬಿನಲ್ಲಿದೆ, ಇದು ಕಾಡಿಂದು. ಕಾಳಮ್ಮ ಇನ್ನೂ ಹತ್ತಿರ ಬಗ್ಗುತ್ತಾಳೆ, ಇಬ್ಬರ ಮುಖದ ನಡುವೆ ಕರಣೆಯ ಮೇಲಿನ ಕೆಂಪು ಹೆಂಟೆ, ಕೆಳಗೆ ಕಪ್ಪು ಗುಂಡಿ, ನಡುವೆ ಒಂದು ಬಿಳಿ ಎಳೆ, ಕೂದಲಿಗಿಂತ ಸಣ್ಣದು, ಬಿಗಿದು ನಿಂತಿದೆ, ಬಿಗಿದೇ ನಿಂತಿದೆ, ಇನ್ನೂ ಹರಿದಿಲ್ಲ