ಕ್ಲೀನ್

"ಅಕ್ಕಯಮ್ಮಾರ, ಬಾಲ ಅಲ್ರಿ, ಹೆಗಲ ಹಿಡೀರಿ," ಎಂದಳು ಸಂಶೋಧಕಿ ಆಶಾರಾಣಿ, ಸಿರಿಂಜು ಎತ್ತಿಕೊಂಡು.

ಇಂದಿರಾನಗರದ ಆ ಲ್ಯಾಬಿನಲ್ಲಿ ಹನ್ನೆರಡು ವರ್ಷದಿಂದ ಪಂಜರ ತೊಳೆಯುತ್ತಿದ್ದ ಅಕ್ಕಯಮ್ಮನಿಗೆ ಇಲಿ ಹಿಡಿಯುವುದನ್ನು ಯಾರೂ ಕಲಿಸಬೇಕಿರಲಿಲ್ಲ. ಆದರೆ ಮೈಯೊಳಗೆ ಒಲೆ ಹೊತ್ತಿದ ಹಾಗೆ ಬಿಸಿ ಎದ್ದು, ಬೆವರಿ, ಕೈ ಜಾರಿತ್ತು. ಎಂಟು ವರ್ಷದಿಂದ ಹೀಗೇ.

"ಇದಕ್ಯಾಕಮ್ಮ ದಿನಾ ಸೂಜಿ?"

"ಇದರ ಅಂಡಾಶಯ ತಗದೀವ್ರಿ. ಅದಿದ್ರ ಮಿದುಳಿನ ಬುಡದಾಗಿನ ಗ್ರಂಥಿಗೆ ಸಾಕು ಅಂತ ಹೇಳ್ತಿತ್ತು. ಈಗ ಹೇಳಾವ್ರಿಲ್ಲ. ಜ್ವಾಳದ ಕಾಳಷ್ಟು ಗ್ರಂಥಿ, ರಕ್ತಕ್ಕ ರಸ ಸುರಿಯಾಕಹತ್ತೈತಿ. ಅಂಡಾಶಯದ ರಸ ಸೂಜೀಲೆ ಕೊಟ್ರ ಸುಮ್ಮನಾಗತೈತಿ."

"ಹೆಂಗಸ್ರಿಗೂ ಹಿಂಗೇನಾ?"

"ಹೂನ್ರಿ. ಮೈ ಕಾಯ್ತೈತಿ, ನಿದ್ದಿ ಬರಂಗಿಲ್ಲ. ಸಣ್ಣ ವಯಸ್ಸಿನ್ಯಾಗ ತಗದ್ರ ಎಲುಬೂ ಸವೀತಾವ."

"ಇದರದ್ದು ಕೆಟ್ಟೋಗಿತ್ತಾ?"

"ಇಲ್ರಿ, ಚೊಲೋನ ಇತ್ತು."

ಅಕ್ಕಯಮ್ಮ ಇಲಿಯನ್ನು ಪಂಜರಕ್ಕೆ ಬಿಟ್ಟಳು. ಎಂಟು ವರ್ಷದ ಹಿಂದೆ ಅವಳಿಗೆ ಮೂವತ್ತೆಂಟು. ರಕ್ತ ನಿಲ್ಲುತ್ತಿರಲಿಲ್ಲ. ಕೆ.ಆರ್. ಪುರದ ನರ್ಸಿಂಗ್ ಹೋಮಿನ ಡಾಕ್ಟರು ಗರ್ಭಚೀಲ ತೆಗೆಯಬೇಕು ಅಂದಾಗ ತಾನೇ ಕೈ ಮುಗಿದಿದ್ದಳು: "ಎಲ್ಲಾ ಕ್ಲೀನ್ ಮಾಡ್ಬಿಡಿ ಸಾರ್, ಮತ್ತೆ ಬರೋಂಗಾಗ್ಬಾರ್ದು." ಆಮೇಲೆ ಸ್ಟೀಲ್ ತಟ್ಟೆ ತೋರಿಸಿ, ನೋಡಿ, ಎಲ್ಲ ಕೊಳೆತಿತ್ತು ಅಂದಿದ್ದರು. ಅವಳ ಗಂಡ ಹೊರಗೆ ಹೋಗಿ ಉಗಿದು ಬಂದಿದ್ದ. ಚೀಲದ ಅಕ್ಕಪಕ್ಕ ಬಾದಾಮಿಯಂಥ ಎರಡು ಬಿಳೀ ಗಡ್ಡೆ ಇದ್ದವು. ಈ ಇಲಿಯ ಅಂಡಾಶಯದ ಹಾಗೇ ಅವೂ ಒಂದು ಚೂರೂ ಕೊಳೆತಿರಲಿಲ್ಲ.

ಪಂಜರದ ಬಾಗಿಲು ಹಾಕಿ, ಬಚ್ಚಲಿಗೆ ಹೋಗಿ ಕೈ ತೊಳೆದಳು. ಎಷ್ಟು ತೊಳೆದರೂ ಆ ತಟ್ಟೆ ಕಣ್ಣಿಂದ ಹೋಗಲಿಲ್ಲ.

ಎಲೆಅಡಿಕೆ ಚೀಲದಲ್ಲಿ ಅದೇ ನರ್ಸಿಂಗ್ ಹೋಮಿನ ಚೀಟಿ ಇತ್ತು. ನಾಳೆ ಬೆಳಗ್ಗೆ ಸೊಸೆ ಹಂಸಳಿಗೂ ಅದೇ ಆಪರೇಷನ್. ಹಂಸಳಿಗೆ ಇಪ್ಪತ್ತಾರು.

ಎದುರು ಬೇಕರಿಯ ಕಾಯಿನ್ ಫೋನಿಂದ ತಮ್ಮ ಪಕ್ಕದ ಮನೆಯವರಿಗೆ ಮಾಡಿ ಹಂಸಳನ್ನು ಕರೆಸಿದಳು.

"ನಾಳೆ ಬ್ಯಾಡ ಕಣೆ. ಶಿವಾಜಿನಗರದ ದೊಡ್ಡಾಸ್ಪತ್ರೇಲಿ ಇನ್ನೊಂದ್ಸಲ ತೋರ್ಸೋಣ. ನಾನೇ ಕರ್ಕೊಂಡೋಗ್ತೀನಿ."

"ಯಾಕತ್ತೆ? ಯಾರೇನಂದ್ರು?"

"ಇಲಿ ಅಂತು."

"ತಮಾಷೆ ಮಾಡ್ಬೇಡಿ ಅತ್ತೆ. ಕ್ಲೀನ್ ಮಾಡಿಸ್ಕೊಂಬಿಡು ಅಂದಿದ್ದು ನೀವೇ ಅಲ್ವಾ?"

ಅಕ್ಕಯಮ್ಮ ಫೋನಿಗೆ ಇನ್ನೊಂದು ರೂಪಾಯಿ ಹಾಕಿದಳು.

"ಹೂಂ ಕಣೆ, ನಾನೇ ಅಂದಿದ್ದು. ನಾಳೆ ನೀನು ಮನೇಲೇ ಇರು."

"ಸರಿ ಅತ್ತೆ," ಎಂದಳು ಹಂಸ. ಅವಳ ದನಿ ಹಗುರಾಗಿತ್ತು.

ವಾಪಸ್ಸು ಬಂದು ಚೀಟಿಯನ್ನು ಉದ್ದಕ್ಕೆ ಮಡಿಸಿ ಪಂಜರದ ಕಂಬಿಯೊಳಗೆ ತೂರಿಸಿದಳು. ಇಲಿ ಮೂಸಿ ನೋಡಿತು. ಆಮೇಲೆ ಹಲ್ಲಲ್ಲಿ ಕಚ್ಚಿ ಮೂಲೆಗೆ ಎಳೆದೊಯ್ದು, ಚೂರು ಚೂರಾಗಿ ಹರಿದು, ಮಲಗಲು ಹಾಸಿಕೊಳ್ಳತೊಡಗಿತು.